ಅರ್ಧ ಟ್ಯಾಂಕ್ ಮುಗಿದ ಮೇಲೆ ನೈಟ್ರೋ ಇಂಜಿನ್ ಲೀನ್ (ಗಾಳಿಗೆ ಹೋಲಿಸಿದರೆ ಫ್ಯೂಯಲ್ ಕಡಿಮೆ) ಆಗುತ್ತಿದೆ, ಪ್ರೆಷರ್ ಲೈನ್ ಕಾರಣವಾ?

ಮಣ್ಣುಚಕ್ರ:
ಯಾರೋ ಓಡಿಸಿ ಬಿಟ್ಟಿದ್ದ 1/8 ಅಳತೆಯ ನೈಟ್ರೋ ಬಗ್ಗಿ (ರಿಮೋಟ್ ಕಾರು) ಒಂದನ್ನು ತಗೊಂಡಿದ್ದೇನೆ. ಇಂಜಿನ್ .21 (ಕ್ಯೂಬಿಕ್ ಇಂಚು), ಟ್ಯಾಂಕ್ 125 ಸಿಸಿ. ಹಳೇ ಟ್ಯೂಬ್‌ಗಳು ಗಟ್ಟಿಯಾಗಿ ಬಿರುಕು ಬಿಟ್ಟಿದ್ದವು, ಎರಡನ್ನೂ ತೆಗೆದು ಹೊಸ ಸಿಲಿಕೋನ್ ಟ್ಯೂಬ್ ಹಾಕಿದೆ. ಟ್ಯಾಂಕ್ ತುಂಬಿದ್ದಾಗ ಚೆನ್ನಾಗಿ ಓಡುತ್ತದೆ, ಹೊಗೆ ಬರುತ್ತದೆ, ತಲೆಯ ಉಷ್ಣತೆ 105 ಡಿಗ್ರಿ ಆಸುಪಾಸು. ಅರ್ಧ ಆದ ಮೇಲೆ ಹೊಗೆ ಕಡಿಮೆ, ಥ್ರಾಟಲ್ ಬಿಟ್ಟರೂ ಐಡಲ್ ಕೆಳಗೆ ಇಳಿಯಲು ಹೊತ್ತು ಹಿಡಿಯುತ್ತದೆ, ಉಷ್ಣತೆ 130 ದಾಟುತ್ತದೆ. ಹೈ ಸ್ಪೀಡ್ ನೀಡಲ್ (ಜಾಸ್ತಿ ವೇಗದಲ್ಲಿ ಫ್ಯೂಯಲ್ ಹೊಂದಿಸುವ ಸ್ಕ್ರೂ) ಹೊರಗೆ ತಿರುಗಿಸಿ ರಿಚ್ (ಫ್ಯೂಯಲ್ ಜಾಸ್ತಿ) ಮಾಡಿದರೆ ಮುಂದಿನ ಸಲ ಟ್ಯಾಂಕ್ ತುಂಬಿದ ಕೂಡಲೇ ಗೊಳಗೊಳ ಅಂತ ಉಸಿರು ಕಟ್ಟಿದ ಹಾಗೆ ಓಡುತ್ತದೆ.

ಪ್ರೆಷರ್ ಟ್ಯೂಬನ್ನು ಎಕ್ಸಾಸ್ಟ್ ಪೈಪಿನಿಂದ ಟ್ಯಾಂಕಿಗೆ ನೇರವಾಗಿ, ಆದಷ್ಟು ಗಿಡ್ಡವಾಗಿ ಹಾಕಿದ್ದೇನೆ. ಕೆಲವರು ಸುತ್ತು ಹಾಕುತ್ತಾರೆ, ಕೆಲವರು ಒನ್ ವೇ ವಾಲ್ವ್ ಹಾಕಿ ಅನ್ನುತ್ತಾರೆ. ಟ್ಯೂಬ್ ಒಳಗೆ ಕಪ್ಪು ಎಣ್ಣೆ ಕಾಣುತ್ತಿದೆ, ಅದೂ ತೊಂದರೆನಾ?

ಬಿಸಿಪೈಪ್:
ಕಪ್ಪು ಎಣ್ಣೆ ತೊಂದರೆ ಅಲ್ಲ, ಅದನ್ನು ಮರೆತುಬಿಡಿ. ಎಕ್ಸಾಸ್ಟ್ ಜೊತೆ ಬರುವ ಸುಡದ ಎಣ್ಣೆ ಮತ್ತು ಮಸಿ ಅಷ್ಟೇ. ಕಾರ್ಬ್‌ಗೆ (ಕಾರ್ಬ್ಯುರೇಟರ್) ಹೋಗುವ ಲೈನಿನಲ್ಲಿ ಫಿಲ್ಟರ್ ಇದ್ದರೆ ಸಾಕು.

ನೀಡಲ್ ಮುಟ್ಟುವ ಮೊದಲು ಟ್ಯಾಂಕ್ ಸೋರುತ್ತಿದೆಯಾ ನೋಡಿ. ನೀವು ಹೇಳಿದ ಲಕ್ಷಣಕ್ಕೆ ನನ್ನ ಅನುಮಾನ ಪೂರ್ತಿ ಅದರ ಮೇಲೆಯೇ. ಈ ಇಂಜಿನ್‌ಗಳಲ್ಲಿ ಫ್ಯೂಯಲ್ ಪಂಪ್ ಇಲ್ಲ. ಕಾರ್ಬ್ ಎಳೆಯುವುದು ಸ್ವಲ್ಪ, ಉಳಿದದ್ದನ್ನು ಎಕ್ಸಾಸ್ಟ್ ಒತ್ತಡ ಟ್ಯಾಂಕಿನ ಮೇಲಿಂದ ತಳ್ಳಬೇಕು. ಥ್ರಾಟಲ್ ಕೊಟ್ಟಾಗ ಪೈಪಿನಲ್ಲಿ ಒತ್ತಡ ಜಾಸ್ತಿ ಆಗುತ್ತದೆ, ಟ್ಯಾಂಕ್ ಒತ್ತಡವೂ ಏರುತ್ತದೆ, ಬೇಕಾದಾಗ ಬೇಕಾದಷ್ಟು ಫ್ಯೂಯಲ್ ಸಿಗುತ್ತದೆ. ಒತ್ತಡ ಎಲ್ಲೋ ಸೋರಿದರೆ ಟ್ಯಾಂಕಿನಲ್ಲಿ ಫ್ಯೂಯಲ್ ಎಷ್ಟು ಎತ್ತರಕ್ಕಿದೆ ಅನ್ನುವುದೇ ಮುಖ್ಯ ಆಗಿಬಿಡುತ್ತದೆ. ತುಂಬಿದ್ದಾಗ ಅದರ ಭಾರವೇ ಕೆಲಸ ನಡೆಸುತ್ತದೆ, ಕೆಳಗಿಳಿದ ಮೇಲೆ ಲೀನ್. ಟ್ಯಾಂಕ್ ಸರಿ ಇದ್ದರೂ ತುಂಬಿದಾಗ ಮತ್ತು ಕೊನೆಯಲ್ಲಿ ಅಲ್ಪ ವ್ಯತ್ಯಾಸ ಇರುತ್ತದೆ, ಆದರೆ 25 ಡಿಗ್ರಿ ಏರುವಷ್ಟು ಅಲ್ಲ.

ಪರೀಕ್ಷೆ ಸುಲಭ. ಟ್ಯಾಂಕ್ ಖಾಲಿ ಮಾಡಿ ಬಿಚ್ಚಿ. ಕಾರ್ಬ್ ಕಡೆಯ ಟ್ಯೂಬ್ ಮಡಚಿ ಬಿಗಿಯಾಗಿ ಹಿಡಿದು, ಪ್ರೆಷರ್ ಟ್ಯೂಬಿಗೆ ಸಿರಿಂಜ್‌ನಿಂದ ಗಾಳಿ ತಳ್ಳುತ್ತಾ ಟ್ಯಾಂಕನ್ನು ನೀರಿನಲ್ಲಿ ಮುಳುಗಿಸಿ. ಬಾಯಿಂದ ಊದಬೇಡಿ, ಒಳಗೆ ಇದ್ದದ್ದು ಮೆಥನಾಲ್, ಅದು ವಿಷ. ಗುಳ್ಳೆ ಬರುವ ಜಾಗ ಹೆಚ್ಚಾಗಿ ಮುಚ್ಚಳದ ಓ ರಿಂಗ್. ಆಮೇಲೆ ನಿಪ್ಪಲ್ (ಟ್ಯೂಬ್ ಸಿಕ್ಕಿಸುವ ಮೂತಿ) ಬುಡ, ಟ್ಯಾಂಕಿನ ಎರಡು ಭಾಗ ಸೇರುವ ಅಂಚು. ಮುಚ್ಚಳದ ಸ್ಪ್ರಿಂಗ್ ಸಡಿಲ ಇದ್ದರೆ ನೀರಿನಲ್ಲಿ ಗೊತ್ತಾಗುವುದಿಲ್ಲ, ಓಡುವಾಗ ಗುಂಡಿ ಹಾರಿದಾಗ ಮಾತ್ರ ಎದ್ದು ಕೂರುತ್ತದೆ, ಹಾಗಾಗಿ ಬೆರಳಿನಿಂದ ಒತ್ತಿ ನೋಡಿ. ಪರೀಕ್ಷೆ ಆದ ಮೇಲೆ ಟ್ಯಾಂಕನ್ನು ಪೂರ್ತಿ ಒಣಗಿಸಿಯೇ ಫ್ಯೂಯಲ್ ಹಾಕಿ. ಮೆಥನಾಲ್ ನೀರನ್ನು ಸುಲಭವಾಗಿ ಹೀರಿಕೊಳ್ಳುತ್ತದೆ, ಆಮೇಲೆ ಟ್ಯೂನಿಂಗ್ ದೇವರೇ ಗತಿ.

ಗ್ಲೋಪ್ಲಗ್_21:
ಮೇಲಿನವರು ಹೇಳಿದ್ದು ಸರಿ, ಆದರೆ ಟ್ಯಾಂಕ್ ಒಂದನ್ನೇ ನೋಡಿ ನಿಲ್ಲಿಸಬೇಡಿ. ಹಳೇ ಗಾಡಿ ಅಂದಿರಲ್ವಾ, ಪೈಪ್ ಕಡೆಯ ನಿಪ್ಪಲ್ ಬಿಚ್ಚಿ ಬೆಳಕಿಗೆ ಹಿಡಿಯಿರಿ. ಅದರ ತೂತಿನಲ್ಲಿ ಕಾರ್ಬನ್ ಕಟ್ಟಿ ಅರ್ಧ ಮುಚ್ಚಿರುತ್ತದೆ. ತೆಳ್ಳಗಿನ ತಂತಿ ಹಾಕಿ ಕೆರೆದು ತೆಗೆಯಿರಿ, ಡ್ರಿಲ್ ಹಾಕಿ ತೂತು ದೊಡ್ಡದು ಮಾಡಲು ಹೋಗಬೇಡಿ. ವಾಪಸ್ ಕೂರಿಸುವಾಗ ವಾಷರ್ ಚೆನ್ನಾಗಿದೆಯಾ ನೋಡಿ. ನಿಪ್ಪಲ್ ಸುತ್ತ ಎಣ್ಣೆ ಒದ್ದೆ ಇದ್ದರೆ ಅಲ್ಲೇ ಸೋರುತ್ತಿದೆ ಅಂತ ಅರ್ಥ. ಹೆಡರ್ (ಇಂಜಿನ್‌ನಿಂದ ಹೊರಡುವ ಎಕ್ಸಾಸ್ಟ್ ಕೊಳವೆ) ಮತ್ತು ಪೈಪ್ ಸೇರುವ ಜಾಯಿಂಟ್ ಕೂಡ ಹಾಗೇ, ಅಲ್ಲಿ ಹೊಗೆ ಹೊರಗೆ ಬಂದರೆ ಪೈಪಿನಲ್ಲಿ ಒತ್ತಡವೇ ನಿಲ್ಲುವುದಿಲ್ಲ.

ಇನ್ನೊಂದು, ಟ್ಯೂಬ್ ಹೆಡರ್‌ಗೆ ತಾಗುತ್ತಿಲ್ಲ ತಾನೇ? ತುಂಬಾ ಗಿಡ್ಡ ಹಾಕಿದರೆ ಗಾಡಿ ಕುಲುಕಿದಾಗ ಹೋಗಿ ತಾಗುತ್ತದೆ, ಸುಟ್ಟು ಸೂಜಿಮೊನೆಯಷ್ಟು ತೂತಾದರೂ ಸಾಕು, ಕಣ್ಣಿಗೆ ಕಾಣುವುದಿಲ್ಲ, ದಿನಪೂರ್ತಿ ತಲೆ ಕೆಡಿಸುತ್ತದೆ.

ನಿಧಾನದವ:
ಗಿಡ್ಡ ಟ್ಯೂಬ್ ಬಗ್ಗೆ ನಾನೂ ಹೇಳಬೇಕು ಅಂದುಕೊಂಡೆ. ಕಾರ್ಬ್‌ಗೆ ಹೋಗುವ ಲೈನ್ ಗಿಡ್ಡ ಇರಲಿ, ಪ್ರೆಷರ್ ಲೈನ್ ಅದಕ್ಕಿಂತ ಉದ್ದ ಇರಲಿ. ಪೈಪಿನಿಂದ ಬರುವ ಒತ್ತಡ ಒಂದೇ ಸಮ ಅಲ್ಲ, ಪ್ರತಿ ಸ್ಫೋಟಕ್ಕೂ ಒಂದು ತಳ್ಳು. ಟ್ಯೂಬ್ ಉದ್ದ ಇದ್ದಷ್ಟೂ ಆ ಏರಿಳಿತ ಟ್ಯಾಂಕ್ ತಲುಪುವ ಹೊತ್ತಿಗೆ ತಣ್ಣಗಾಗಿರುತ್ತದೆ. ಒಂದು ಸುತ್ತು ಹಾಕಿ ಆ ಸುತ್ತು ಟ್ಯಾಂಕ್ ಮುಚ್ಚಳಕ್ಕಿಂತ ಮೇಲೆ ಬರುವ ಹಾಗೆ ಕಟ್ಟಿ. ತಿರುವಿನಲ್ಲಿ ಫ್ಯೂಯಲ್ ಅಲುಗಾಡಿದಾಗ ಸುಮ್ನೆ ಪೈಪಿಗೆ ಹರಿದು ಹೋಗುವುದು ಇದರಿಂದ ತಪ್ಪುತ್ತದೆ. ಗಾಡಿ ಮಗುಚಿಕೊಂಡು ಬಿದ್ದರೆ ಯಾವ ಸುತ್ತೂ ಪೂರ್ತಿ ತಡೆಯುವುದಿಲ್ಲ, ಬೇಗ ಎತ್ತಬೇಕು.

ಬಿಸಿಪೈಪ್:
ಉದ್ದ ಅಂದರೆ ಎಷ್ಟು ಬೇಕಾದರೂ ಅಂತಲ್ಲ, ಗಾಡಿ ಮೇಲೆ ಸುರುಳಿ ಸುರುಳಿ ಸುತ್ತಿಕೊಂಡವರನ್ನೂ ನೋಡಿದ್ದೇನೆ. ಅಷ್ಟು ಉದ್ದದಲ್ಲಿ ಥ್ರಾಟಲ್ ಕೊಟ್ಟಾಗ ಟ್ಯಾಂಕ್ ಒತ್ತಡ ಏರುವುದೂ ತಡ ಆಗುತ್ತದೆ. ಮಡಚಿಕೊಳ್ಳದ ಹಾಗೆ ಒಂದೇ ದೊಡ್ಡ ಸುತ್ತು ಸಾಕು. ಮುಖ್ಯ ವಿಷಯ, ಉದ್ದ ಒಮ್ಮೆ ಗಟ್ಟಿ ಮಾಡಿಕೊಂಡ ಮೇಲೆ ಬದಲಾಯಿಸಬೇಡಿ. ಟ್ಯೂಬ್ ಬದಲಾದರೆ ನೀಡಲ್ ಸೆಟ್ಟಿಂಗ್ ಮತ್ತೆ ನೋಡಲೇಬೇಕು.

ಒನ್ ವೇ ವಾಲ್ವ್ ನನಗೆ ಇಷ್ಟ ಇಲ್ಲ. ಥ್ರಾಟಲ್ ಬಿಟ್ಟಾಗ ಟ್ಯಾಂಕ್ ಒತ್ತಡ ಇಳಿಯಬೇಕು, ವಾಲ್ವ್ ಅದನ್ನು ಒಳಗೇ ಹಿಡಿದುಕೊಳ್ಳುತ್ತದೆ. ಉದ್ದದ ನೇರದಲ್ಲಿ ಓಡಿಸಿ ಬ್ರೇಕ್ ಹಾಕಿದ ಮೇಲೆ ಐಡಲ್ ರಿಚ್ ಆಗಿ ಆಫ್ ಆಗುತ್ತದೆ.

ಮಣ್ಣುಚಕ್ರ:
ಎಲ್ಲರಿಗೂ ಥ್ಯಾಂಕ್ಸ್. ಮುಚ್ಚಳದ ಓ ರಿಂಗ್‌ನಿಂದಲೇ ಗುಳ್ಳೆ ಸಾಲಾಗಿ ಬಂತು, ಒಂದು ಕಡೆ ಚಪ್ಪಟೆ ಆಗಿದೆ. ನಿಪ್ಪಲ್ ತೂತೂ ಹೆಚ್ಚುಕಮ್ಮಿ ಅರ್ಧ ಮುಚ್ಚಿತ್ತು. ಓ ರಿಂಗ್ ಬದಲಾಯಿಸಿ, ಸುತ್ತು ಹಾಕಿ, ಟ್ಯಾಂಕ್ ಖಾಲಿಯಾಗುವ ತನಕ ಓಡಿಸಿದೆ. ಈಗ ಕೊನೆಯಲ್ಲಿ 115 ದಾಟಲಿಲ್ಲ.

ಆದರೆ ಹೊಸ ಸಮಸ್ಯೆ. ಬಿಸಿ ಇಂಜಿನ್ ಆಫ್ ಮಾಡಿ ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಸ್ಟಾರ್ಟ್ ಮಾಡುವಾಗ ಪುಲ್ ಸ್ಟಾರ್ಟ್ ಹಗ್ಗ ಅಲ್ಲಾಡುವುದೇ ಇಲ್ಲ.

ಗ್ಲೋಪ್ಲಗ್_21:
ಟ್ಯಾಂಕ್ ಈಗ ಸೋರುತ್ತಿಲ್ಲ ಅಂತ ಅದೇ ಸಾಕ್ಷಿ. ಆಫ್ ಆದ ಮೇಲೂ ಬಿಸಿಗೆ ಟ್ಯಾಂಕ್ ಒಳಗಿನ ಗಾಳಿ ಹಿಗ್ಗಿ ಫ್ಯೂಯಲನ್ನು ಕಾರ್ಬ್‌ಗೆ ತಳ್ಳುತ್ತಾ ಇರುತ್ತದೆ, ಅದು ಇಂಜಿನ್ ಒಳಗೆ ತುಂಬಿಕೊಳ್ಳುತ್ತದೆ. ಆಫ್ ಮಾಡಿದ ಕೂಡಲೇ ಮುಚ್ಚಳ ಒಮ್ಮೆ ತೆರೆದು ಒತ್ತಡ ಬಿಟ್ಟು ಮುಚ್ಚಿ, ಅಷ್ಟೇ. ಹೊತ್ತು ನಿಲ್ಲಿಸುವುದಾದರೆ ಕಾರ್ಬ್ ಲೈನಿಗೆ ಕ್ಲಿಪ್ ಹಾಕಿ.

ಈಗ ಹಗ್ಗವನ್ನು ಬಲವಂತವಾಗಿ ಎಳೆಯಬೇಡಿ. ಪಿಸ್ಟನ್ ಮೇಲೆ ದ್ರವ ತುಂಬಿದ್ದರೆ ಅದು ಕುಗ್ಗುವುದಿಲ್ಲ, ಹಗ್ಗ ಹರಿಯುತ್ತದೆ ಅಥವಾ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಗ್ಲೋ ಪ್ಲಗ್ (ತಲೆಯ ಮೇಲೆ ಇರುವ, ಫ್ಯೂಯಲ್ ಹೊತ್ತಿಸುವ ಪ್ಲಗ್) ಬಿಚ್ಚಿ, ಗಾಡಿ ತಲೆಕೆಳಗೆ ಹಿಡಿದು, ಮೆಲ್ಲಗೆ ಹಗ್ಗ ಎಳೆಯಿರಿ. ಕಣ್ಣಿಗೆ ಕನ್ನಡಕ ಇರಲಿ, ಫ್ಯೂಯಲ್ ಚಿಮ್ಮುತ್ತದೆ.

ನಿಧಾನದವ:
ಪ್ರೈಮ್ ಮಾಡಲು (ಫ್ಯೂಯಲನ್ನು ಕಾರ್ಬ್ ತನಕ ತರಲು) ಸೈಲೆನ್ಸರ್ ಬಾಯಿಗೆ ಬೆರಳಿಟ್ಟು ಹಗ್ಗ ಎಳೆಯುವ ಅಭ್ಯಾಸ ಇದ್ದರೆ ಈಗಿನಿಂದ ಕಡಿಮೆ ಮಾಡಿ. ಟ್ಯಾಂಕ್ ಸೋರದಿದ್ದರೆ ಫ್ಯೂಯಲ್ ಬೇಗ ಬರುತ್ತದೆ, ಅದು ಕಾರ್ಬ್ ಮುಟ್ಟಿದ್ದು ಕಂಡ ತಕ್ಷಣ ಬೆರಳು ತೆಗೆಯಿರಿ.

ಆಮೇಲೆ ಲೋ ಸ್ಪೀಡ್ ನೀಡಲ್ (ಕಡಿಮೆ ವೇಗದಲ್ಲಿ ಫ್ಯೂಯಲ್ ಹೊಂದಿಸುವ ಸ್ಕ್ರೂ) ಕೂಡ ಒಮ್ಮೆ ನೋಡಿಕೊಳ್ಳಿ, ಹಳೇ ಸೆಟ್ಟಿಂಗ್ ಸೋರುವ ಟ್ಯಾಂಕಿಗೆ ಮಾಡಿದ್ದಲ್ವಾ. ಬಿಸಿಯಾದ ಇಂಜಿನ್ ಐಡಲ್‌ನಲ್ಲಿರುವಾಗ ಕಾರ್ಬ್ ಹತ್ತಿರ ಫ್ಯೂಯಲ್ ಟ್ಯೂಬ್ ಹಿಸುಕಿ. 2–3 ಸೆಕೆಂಡ್ ಓಡಿ, ವೇಗ ಸ್ವಲ್ಪ ಏರಿ ಆಫ್ ಆದರೆ ಸರಿ. ಹಿಸುಕಿದ ತಕ್ಷಣ ಸತ್ತರೆ ಲೀನ್, ಬಹಳ ಹೊತ್ತು ಎಳೆದು ಜೋರಾಗಿ ಏರಿದರೆ ರಿಚ್.

ಮಣ್ಣುಚಕ್ರ:
ಪ್ಲಗ್ ಬಿಚ್ಚಿದೆ, ಒಳಗೆ ಫ್ಯೂಯಲ್ ತುಂಬಿಕೊಂಡಿತ್ತು. ಈಗ ಹಗ್ಗ ಸರಾಗ ಬರುತ್ತಿದೆ. ಐಡಲ್‌ನಲ್ಲಿ ಟ್ಯೂಬ್ ಹಿಸುಕಿದರೆ ಬಹಳ ಹೊತ್ತು ಓಡಿ ಜೋರಾಗಿ ಏರುತ್ತದೆ. ರಿಚ್ ಅಂತಾಯ್ತು, ಲೋ ಸ್ಪೀಡ್ ನೀಡಲ್ ಸ್ವಲ್ಪ ಸ್ವಲ್ಪವೇ ಒಳಗೆ ತಿರುಗಿಸಿ ನೋಡುತ್ತೇನೆ.