ಕಥೆ ಓದೋಕೆ ಕೂತರೆ ನಡುವೆ ತಾಳದ ಪರೀಕ್ಷೆ! ವಿಶುವಲ್ ನಾವೆಲ್‌ಗೆ ರಿದಮ್ ಗೇಮ್ ಯಾಕೆ ಸೇರಿಸುತ್ತಾರೆ?

ಓದುಗುಳಿ

ನಾನು ವಿಶುವಲ್ ನಾವೆಲ್ ಆಡುವವನು ಅನ್ನುವುದಕ್ಕಿಂತ ಓದುವವನು. ಅನಿಮೆ ಶೈಲಿಯ ಚಿತ್ರ, ಕೆಳಗೆ ಮಾತಿನ ಪೆಟ್ಟಿಗೆ, ಒತ್ತುತ್ತಾ ಹೋದರೆ ಕಥೆ ಮುಂದಕ್ಕೆ ಹೋಗುತ್ತದೆ. ಅಷ್ಟು ಸಾಕು ನನಗೆ. ಈಗ ಒಂದು ಹೊಸ ಗೇಮ್ ಹಿಡಿದಿದ್ದೇನೆ, ಹೆಸರು ಬೇಡ, ಶಾಲೆಯ ಹುಡುಗಿಯರ ಬ್ಯಾಂಡ್ ಕಥೆ. ಬರವಣಿಗೆ ನಿಜಕ್ಕೂ ಚೆನ್ನಾಗಿದೆ. ಡ್ರಮ್ ಬಾರಿಸುವ ಹುಡುಗಿ ಬ್ಯಾಂಡ್ ಬಿಡುತ್ತೇನೆ ಅಂತ ಹೇಳೋಕೆ ಬರುತ್ತಾಳೆ, ಬಾಯಿ ಬರುವುದಿಲ್ಲ, ಎರಡು ಸ್ಟಿಕ್ ಮೇಜಿನ ಮೇಲಿಟ್ಟು ಸುಮ್ನೆ ನಿಂತುಬಿಡುತ್ತಾಳೆ. ಯಾರೂ ಮಾತಾಡುವುದಿಲ್ಲ. ಸರಿ, ಮುಂದೇನು ಅಂತ ಒತ್ತಿದರೆ ಹಾಡು ಶುರು!

ಮೇಲಿಂದ ನಾಲ್ಕು ಸಾಲಲ್ಲಿ ನೋಟ್ಸ್ ಬೀಳುತ್ತವೆ, ಗೆರೆ ಮುಟ್ಟಿದಾಗ ಒತ್ತಬೇಕು. ನಾನು ಒತ್ತಿದ್ದೆಲ್ಲ ಮಿಸ್. ಲೈಫ್ ಖಾಲಿ, ಮತ್ತೆ ಮೊದಲಿಂದ, ಮತ್ತೆ ಖಾಲಿ. ಆ ಹುಡುಗಿ ಏನಾದಳು ಅನ್ನೋದು ಇನ್ನೂ ಗೊತ್ತಿಲ್ಲ.

ಕೇಳಬೇಕಾಗಿರುವುದು ಎರಡು. ಒಂದು, ತಾಳ ಹಿಡಿಯುವುದು ಹುಟ್ಟಿನಿಂದ ಬರಬೇಕಾ ಅಥವಾ ಕಲಿಯಬಹುದಾ? ಎರಡು, ಈ ಎರಡನ್ನೂ ಒಂದೇ ಗೇಮಲ್ಲಿ ಸೇರಿಸುವುದರಿಂದ ಯಾರಿಗೆ ಏನು ಲಾಭ? ಕಥೆ ಬೇಕಾದವನಿಗೆ ಹಾಡು ಅಡ್ಡ, ಹಾಡು ಬೇಕಾದವನಿಗೆ ಕಥೆ ಅಡ್ಡ, ಅಲ್ವಾ?

ಬೀಟ್‌ಬಡಿಗ

ಎರಡನೇ ಪ್ರಶ್ನೆ ಆಮೇಲೆ. ಹೆಡ್‌ಫೋನ್ ಯಾವುದು? ಬ್ಲೂಟೂತ್ ಆಗಿದ್ದರೆ ನಿಮ್ಮ ಕೈಯನ್ನು ಬೈಯುವ ಮೊದಲು ಅದನ್ನು ಕಿತ್ತಿಡಿ. ಬ್ಲೂಟೂತಲ್ಲಿ ಸದ್ದು 100-200 ಮಿಲಿಸೆಕೆಂಡ್ ತಡವಾಗಿ ಕಿವಿಗೆ ಬರುವುದು ಮಾಮೂಲು. ಲೆಕ್ಕ ಹಾಕಿ ನೋಡಿ. 180 ಬಿಪಿಎಂ, ಅಂದರೆ ನಿಮಿಷಕ್ಕೆ 180 ಬೀಟಿನ ಹಾಡಲ್ಲಿ ಒಂದು ಬೀಟಿಗೆ ಸುಮಾರು 333 ಮಿಲಿಸೆಕೆಂಡ್. ಸದ್ದು 200 ತಡವಾದರೆ ನೀವು ಅರ್ಧ ಬೀಟಿಗಿಂತ ಹಿಂದೆ ಇದ್ದೀರಿ. ಕಿವಿ ನಂಬಿ ಸರಿಯಾಗಿ ಒತ್ತಿದಷ್ಟೂ ಮಿಸ್ ಜಾಸ್ತಿ!

ವೈರ್ ಹಾಕಿದ ಮೇಲೆ ಸೆಟ್ಟಿಂಗ್ಸಲ್ಲಿ ಆಫ್‌ಸೆಟ್ ಅಥವಾ ಟೈಮಿಂಗ್ ಅಂತ ಇರುತ್ತದೆ, ನೋಟ್ಸನ್ನು ಹಾಡಿಗೆ ಹೊಂದಿಸಿ ಹಿಂದೆ ಮುಂದೆ ಸರಿಸುವುದು ಅದು, ಅದನ್ನು ಸರಿಮಾಡಿ. ಒತ್ತಿದ್ದು ಬೇಗ ಆಯಿತಾ ತಡ ಆಯಿತಾ ಅಂತ ತೋರಿಸುವ ಆಯ್ಕೆ ಇದ್ದರೆ ಆನ್ ಮಾಡಿ ಒಂದು ಸುಲಭದ ಹಾಡು ಆಡಿ. ಎಲ್ಲವೂ ಒಂದೇ ಕಡೆ, ಅಂದರೆ ಬರೀ ಲೇಟ್ ಅಥವಾ ಬರೀ ಫಾಸ್ಟ್ ಬಂದರೆ ತೊಂದರೆ ಸೆಟ್ಟಿಂಗಲ್ಲಿದೆ. ಎರಡೂ ಕಡೆ ಚೆಲ್ಲಾಪಿಲ್ಲಿ ಬಂದರೆ ಮಾತ್ರ ಕೈ ಪಳಗಬೇಕು.

ಇನ್ನೊಂದು, ಹೊಸಬರು ಕಷ್ಟ ಅಂತ ನೋಟ್ ಸ್ಪೀಡ್, ಅಂದರೆ ನೋಟ್ಸ್ ಬೀಳುವ ವೇಗ, ಕಡಿಮೆ ಮಾಡುತ್ತಾರೆ. ಅದು ಉಲ್ಟಾ ಹೊಡೆಯುತ್ತದೆ. ಹಾಡಿನ ವೇಗ ಬದಲಾಗುವುದಿಲ್ಲ, ಪರದೆ ಮೇಲೆ ನೋಟ್ಸ್ ಒಂದರ ಮೇಲೊಂದು ಗುಡ್ಡೆ ಬೀಳುತ್ತವೆ ಅಷ್ಟೇ. ಸ್ಪೀಡ್ ಸ್ವಲ್ಪ ಏರಿಸಿ, ನಡುವೆ ಜಾಗ ಕಾಣುತ್ತದೆ. ಹುಟ್ಟಿನಿಂದ ಬರಬೇಕು ಅನ್ನೋದೆಲ್ಲ ಸುಳ್ಳು. ಬಾಯಲ್ಲಿ ತಕಧಿಮಿ ತಕಧಿಮಿ ಅಂದುಕೊಂಡು ಒತ್ತಿ, ಹಾಡು ಮೂರರ ಗತಿಗೆ ಹೊರಳಿದರೆ ತಕಿಟ ಮಾಡಿಕೊಳ್ಳಿ. ನಗಬೇಡಿ, ನಾನು ಈಗಲೂ ಹಾಗೇ ಆಡುವುದು.

ಏಳನೇಬೀಟ್

ಹಾಡು ಕಥೆಗೆ ಅಡ್ಡ ಅನ್ನೋದನ್ನು ನಾನು ಒಪ್ಪುವುದಿಲ್ಲ. ಅಡ್ಡ ಬರುವ ಹಾಗೆ ಮಾಡಿದ ಗೇಮ್‌ಗಳಿವೆ, ಅದು ಬೇರೆ ಮಾತು. 1996ರಲ್ಲಿ ಪ್ಲೇಸ್ಟೇಷನ್‌ಗೆ ಬಂದ ಪರಾಪ್ಪ ದ ರ್‍ಯಾಪರ್ ನೋಡಿ. ಕಾಗದದಷ್ಟು ತೆಳ್ಳಗಿನ ನಾಯಿ, ಈರುಳ್ಳಿ ತಲೆಯ ಕರಾಟೆ ಮೇಷ್ಟ್ರು. ಅಲ್ಲಿ ಕರಾಟೆ ಪಾಠವೇ ಒಂದು ಹಾಡು, ಡ್ರೈವಿಂಗ್ ಪಾಠವೇ ಇನ್ನೊಂದು. ದೃಶ್ಯ ಮುಗಿದ ಮೇಲೆ ಹಾಡು ಬರುವುದಲ್ಲ, ಹಾಡೇ ದೃಶ್ಯ. ನೀವು ತಾಳ ತಪ್ಪಿದರೆ ನಾಯಿ ಪಾಠ ಕಲಿತಿಲ್ಲ ಅಂತಲೇ ಅರ್ಥ.

ನಿಮಗೆ ಹತ್ತಿರದ ಉದಾಹರಣೆ ಬೇಕಾದರೆ 2015ರಲ್ಲಿ ಸೋನಿಯ ಕೈಯಲ್ಲಿ ಹಿಡಿದು ಆಡುವ ವೀಟಾಗೆ ಬಂದ ಪರ್ಸೋನಾ 4 ಡ್ಯಾನ್ಸಿಂಗ್ ಆಲ್ ನೈಟ್. ಅದರ ಸ್ಟೋರಿ ಮೋಡ್ ಪಕ್ಕಾ ವಿಶುವಲ್ ನಾವೆಲ್, ನಡುನಡುವೆ ಹಾಡು. ಅದರ ಪಾತ್ರಗಳು ಹೋಗುವ ಜಾಗದಲ್ಲಿ ಹೊಡೆದಾಟಕ್ಕೆ ಅವಕಾಶವೇ ಇಲ್ಲ, ಮನಸ್ಸಿನಲ್ಲಿ ಇರುವುದನ್ನು ಕುಣಿದೇ ತಿಳಿಸಬೇಕು ಅನ್ನೋದು ಕಥೆಯ ನಿಯಮ. ಹಾಗಾಗಿ ಹಾಡು ಯಾಕೆ ಬಂತು ಅಂತ ಕೇಳುವ ಪ್ರಮೇಯವೇ ಬರುವುದಿಲ್ಲ. ಓದುವುದು ಮಾತ್ರ ತುಂಬಾ ಉದ್ದ. ಹಾಡಿಗೆ ಅಂತ ಬಂದವರು ಸುಸ್ತಾಗಿಬಿಡುತ್ತಾರೆ, ನಿಮಗೆ ಅದು ಹಬ್ಬ.

ನಿಮ್ಮ ಡ್ರಮ್ ಹುಡುಗಿಯ ದೃಶ್ಯದಲ್ಲಿ ನನಗೆ ಕಾಣುವ ತೊಂದರೆ ಅದೇ. ಆ ಹಾಡು ಯಾರದು? ಅವಳು ಬಾರಿಸುತ್ತಿದ್ದಾಳಾ, ಇಲ್ಲ ಉಳಿದವರು ಅವಳಿಲ್ಲದೆ ನುಡಿಸುತ್ತಿದ್ದಾರಾ? ಅದು ಗೊತ್ತಾಗದೆ ಇದ್ದರೆ ನಿಮ್ಮ ಬೆರಳು ಯಾಕೆ ಓಡಬೇಕು ಅಂತ ಬೆರಳಿಗೂ ಗೊತ್ತಿರುವುದಿಲ್ಲ.

ಸ್ಕಿಪ್‌ಬಟನ್

ಇಷ್ಟೆಲ್ಲ ತಲೆ ಕೆಡಿಸಿಕೊಳ್ಳಬೇಡಿ ಗುರು. ಕಥೆ ಬೇರೆ, ಹಾಡು ಬೇರೆ ಇಟ್ಟರೂ ಚೆನ್ನಾಗಿರುತ್ತದೆ. ಪ್ರೊಜೆಕ್ಟ್ ಸೆಕಾಯ್ ಅನ್ನೋ ಮೊಬೈಲ್ ರಿದಮ್ ಗೇಮ್ ಇದೆಯಲ್ಲ, ಜಪಾನಲ್ಲಿ 2020ರಲ್ಲಿ ಬಂತು, ಹೊರಗಿನವರಿಗೆ 2021ರ ಡಿಸೆಂಬರಲ್ಲಿ. ಕಂಪ್ಯೂಟರ್ ದನಿಯ ಗಾಯಕಿ ಹಟ್ಸುನೆ ಮಿಕು ಮತ್ತು ಅವಳ ಜೊತೆಯವರು ಸೇರಿ ಆರು ಜನ, ಹೊಸದಾಗಿ ಬರೆದ ಪಾತ್ರಗಳು 20, ನಾಲ್ಕು ನಾಲ್ಕು ಜನರ ಐದು ಗುಂಪು. ಹಾಡಿನ ಮೆನು ಒಂದು ಕಡೆ, ಕಥೆಯ ಮೆನು ಇನ್ನೊಂದು ಕಡೆ. ಈಸಿಯಲ್ಲಿ ಆಡಿಕೊಂಡಿದ್ದರೂ ಅಧ್ಯಾಯ ತೆರೆಯುತ್ತಾ ಹೋಗುತ್ತವೆ. ಮಾಸ್ಟರ್ ಅನ್ನೋ ಕಷ್ಟದ ಹಂತ ಮುಟ್ಟಲೇಬೇಕು ಅಂತೇನೂ ಇಲ್ಲ.

ಅದರಲ್ಲಿ ನೈಟ್‌ಕಾರ್ಡ್ ಅನ್ನೋ ಗುಂಪಿನ ಕಥೆ ಓದಿ. ರಾತ್ರಿ 25 ಗಂಟೆಗೆ, ಅಂದರೆ ಒಂದು ಗಂಟೆಗೆ, ನಾಲ್ಕು ಜನ ವಾಯ್ಸ್ ಚಾಟಲ್ಲಿ ಸೇರಿ ಹಾಡು ಮಾಡುತ್ತಾರೆ. ಶುರುವಿನಲ್ಲಿ ಒಬ್ಬರ ಮುಖ ಒಬ್ಬರು ನೋಡಿರುವುದಿಲ್ಲ. ಅದರಲ್ಲಿ ಸಾಹಿತ್ಯ ಬರೆಯುವವಳು ಶಾಲೆಯಲ್ಲಿ ಎಲ್ಲರ ಮೆಚ್ಚಿನ ಜಾಣ ಹುಡುಗಿ, ಒಳಗೆ ಏನೂ ಉಳಿದಿಲ್ಲ. ಆ ಕಥೆ ಓದಿ ಆಮೇಲೆ ಅವರ ಹಾಡು ಆಡಿದರೆ ಅದೇ ಹಾಡು ಬೇರೆ ಥರ ಕೇಳುತ್ತದೆ. ದೃಶ್ಯದ ನಡುವೆ ತುರುಕಬೇಕಾಗಿಲ್ಲ.

ಒಂದೇ ಎಚ್ಚರಿಕೆ, ಇಂಥ ಆನ್‌ಲೈನ್ ಗೇಮ್‌ಗಳೆಲ್ಲ ಕಂಪನಿಯ ಸರ್ವರ್ ಇರುವತನಕ ಮಾತ್ರ. ಲವ್ ಲೈವ್ ಸ್ಕೂಲ್ ಐಡಲ್ ಫೆಸ್ಟಿವಲ್ 2013ರಿಂದ 2023ರ ಮಾರ್ಚ್‌ವರೆಗೆ ಓಡಿತು, ಆಮೇಲೆ ಮುಚ್ಚಿತು. ಅದರ ಎರಡನೇ ಭಾಗದ ಇಂಗ್ಲಿಷ್ ಆವೃತ್ತಿಯದ್ದು ಇನ್ನೂ ವಿಚಿತ್ರ. ಬಿಡುಗಡೆಗೆ ಮೊದಲೇ ಮುಚ್ಚುವ ದಿನ ಹೇಳಿಬಿಟ್ಟರು, 2024ರ ಫೆಬ್ರವರಿಯಲ್ಲಿ ಬಂದು ಮೇ ಕೊನೆಗೆ ಹೋಯಿತು. ಕಥೆ ನಿಮ್ಮ ಹತ್ತಿರ ಉಳಿಯಬೇಕು ಅಂದರೆ ಒಂದೇ ಸಲ ಕೊಂಡು ನೆಟ್ ಇಲ್ಲದೆ ಆಡುವಂಥದ್ದು ನೋಡಿ.

ಏಳನೇಬೀಟ್

@ಸ್ಕಿಪ್‌ಬಟನ್ ಬೇರೆ ಬೇರೆ ಇಟ್ಟರೆ ಅದು ಹಾಡಿನ ಗೇಮ್ ಪಕ್ಕದಲ್ಲಿ ಒಂದು ಪುಸ್ತಕ ಇಟ್ಟಂತೆ ಅಷ್ಟೇ. ನೈಟ್‌ಕಾರ್ಡ್ ಬಗ್ಗೆ ಹೇಳಿದ್ದು ಒಪ್ಪುತ್ತೇನೆ, ಆದರೂ ಬೆರಳಿಗೂ ಕಥೆಗೂ ಅಲ್ಲಿ ಸಂಬಂಧ ಇಲ್ಲ. ಆಡುವವನನ್ನು ಸೋಲಿಸದೆಯೂ ಎರಡನ್ನೂ ಜೋಡಿಸಬಹುದು. 2013ರ ಡೀಮೋ ಅನ್ನೋ ಗೇಮಲ್ಲಿ ಆಕಾಶದಿಂದ ಒಬ್ಬ ಪುಟ್ಟ ಹುಡುಗಿ ಬೀಳುತ್ತಾಳೆ. ನೀವು ಪಿಯಾನೋ ನುಡಿಸಿದಷ್ಟೂ ಒಂದು ಮರ ಬೆಳೆಯುತ್ತದೆ, ಮರ ಎತ್ತರವಾದರೆ ಅವಳು ಮನೆಗೆ ಹೋಗಬಹುದು. ತಪ್ಪು ನುಡಿಸಿದರೆ ಹಾಡು ನಿಲ್ಲುವುದಿಲ್ಲ, ಮರ ನಿಧಾನಕ್ಕೆ ಬೆಳೆಯುತ್ತದೆ ಅಷ್ಟೇ. ಅದೇ ಕಂಪನಿಯ ಸೈಟಸ್ 2ರಲ್ಲಿ ಹಾಡು ಆಡಿದಂತೆ ಪಾತ್ರದ ಲೆವೆಲ್ ಏರುತ್ತದೆ, ಏರಿದಂತೆ ಆ ಊರಿನ ಸೋಷಿಯಲ್ ಮೀಡಿಯಾದ ಪೋಸ್ಟ್‌ಗಳು ಒಂದೊಂದೇ ತೆರೆಯುತ್ತವೆ. ಕಥೆಯ ಬಹುಪಾಲು ಆ ಪೋಸ್ಟ್‌ಗಳಲ್ಲೇ, ಕೆಳಗಿನ ಜಗಳಗಳನ್ನೂ ಸೇರಿಸಿ.

ಕೋಡ್‌ಕೂಲಿ

ರೆನ್‌ಪೈಯಲ್ಲಿ (ವಿಶುವಲ್ ನಾವೆಲ್ ಮಾಡುವ ಸಾಫ್ಟ್‌ವೇರ್) ಇಂಥದ್ದೇ ಒಂದನ್ನು ಮಾಡುತ್ತಾ ಇದ್ದೇನೆ, ಅದಕ್ಕೆ ಆ ಕಡೆಯಿಂದ ಒಂದೆರಡು ಮಾತು. ಓದುವಾಗ ಗಡಿಯಾರ ಓದುವವನ ಕೈಯಲ್ಲಿ ಇರುತ್ತದೆ. ಒಂದು ಸಾಲಿನ ಮೇಲೆ ಐದು ನಿಮಿಷ ಕೂರಬಹುದು, ಯಾರೂ ಕೇಳುವುದಿಲ್ಲ. ಹಾಡು ಶುರುವಾದ ಕ್ಷಣ ಗಡಿಯಾರ ಹಾಡಿನ ಕೈಗೆ ಹೋಗುತ್ತದೆ. ಈ ಕೈ ಬದಲಾವಣೆಯನ್ನು ಸರಿಯಾಗಿ ಮಾಡದೆ ಇದ್ದರೆ ಓದುಗುಳಿ ಅವರಿಗೆ ಆದ ಹಾಗೇ ಆಗುತ್ತದೆ, ತಾಳ ಚೆನ್ನಾಗಿ ಬರುವವರಿಗೂ.

ನಾನು ಈಗ ಮಾಡಿರುವುದು ಇಷ್ಟು. ಹಾಡು ಬರುವ ಮೊದಲಿನ ಕೊನೆಯ ಕೆಲವು ಮಾತುಗಳ ಹಿಂದೆಯೇ ಬರೀ ಹೈ-ಹ್ಯಾಟ್ (ಡ್ರಮ್ ಸೆಟ್ಟಿನ ಜೋಡಿ ತಾಳ) ಸದ್ದು ಅದೇ ಬಿಪಿಎಂಗೆ ಶುರುವಾಗುತ್ತದೆ. ಓದುತ್ತಾ ಇರುವಾಗಲೇ ತಲೆ ಆಡಿಸಲು ಶುರು ಮಾಡಿರುತ್ತೀರಿ. ಕೊನೆಯ ಸಾಲು ಒತ್ತಿದ ತಕ್ಷಣ ಹಾಡು ಹಾರಿ ಬರುವುದಿಲ್ಲ, ಮುಂದಿನ ಆವರ್ತದ ಮೊದಲ ಬೀಟಿಗೆ ಕಾಯುತ್ತದೆ. ನೋಟ್ಸ್ ಎಲ್ಲಿರಬೇಕು ಅನ್ನೋದನ್ನು ಫ್ರೇಮ್ ಎಣಿಸಿ ಲೆಕ್ಕ ಹಾಕಬಾರದು, ಆಡಿಯೋ ಎಲ್ಲಿ ಓಡುತ್ತಿದೆ ಅಂತ ಕೇಳಿಯೇ ಇಡಬೇಕು. 60 ಹರ್ಟ್ಜ್ ಪರದೆಯಲ್ಲಿ ಒಂದು ಫ್ರೇಮ್ ಅಂದರೆ 16.7 ಮಿಲಿಸೆಕೆಂಡ್, ನಾಲ್ಕು ಫ್ರೇಮ್ ತಪ್ಪಿದರೆ ಚಿತ್ರ ಒಂದು ಕಡೆ, ಹಾಡು ಒಂದು ಕಡೆ.

ಸೋತರೆ? ನನ್ನ ಪ್ರಕಾರ ಕಥೆ ನಿಲ್ಲಿಸಬಾರದು. ಸೋತ ಹಾಡಿಗೂ ಒಂದು ದೃಶ್ಯ ಬರೆಯಬೇಕು. ಬ್ಯಾಂಡ್ ವೇದಿಕೆ ಮೇಲೆ ಹಾಳು ಮಾಡಿಕೊಂಡಿತು, ಆಮೇಲೆ ಏನಾಯಿತು? ಅದೂ ಕಥೆಯೇ ಅಲ್ವಾ? ಬರೆಯುವ ಕೆಲಸ ದುಪ್ಪಟ್ಟು ಆಗುತ್ತದೆ, ಅದಕ್ಕೇ ಬಹಳ ಜನ ರೀಟ್ರೈ ಬಟನ್ ಇಟ್ಟು ಕೈ ತೊಳೆದುಕೊಳ್ಳುತ್ತಾರೆ.

ಓದುಗುಳಿ

ಎಲ್ಲರಿಗೂ ಥ್ಯಾಂಕ್ಸ್. ವೈರ್ ಹಾಕಿ ನೋಡಿದೆ, ಬರುತ್ತಿದ್ದದ್ದೆಲ್ಲ ಲೇಟೇ, ಒಂದೂ ಫಾಸ್ಟ್ ಇಲ್ಲ. ಆಫ್‌ಸೆಟ್ ಸರಿಮಾಡಿದ ಮೇಲೆ ಅರ್ಧ ಹಾಡು ದಾಟುತ್ತೇನೆ. @ಏಳನೇಬೀಟ್ ನೀವು ಕೇಳಿದ್ದಕ್ಕೆ ಉತ್ತರ ಹಾಡಿನ ನಡುವೆಯೇ ಸಿಕ್ಕಿತು. ಒಂದು ಕಡೆ ಡ್ರಮ್ ಪೂರ್ತಿ ನಿಂತುಹೋಗುತ್ತದೆ, ಗಿಟಾರ್ ಮಾತ್ರ, ನೋಟ್ಸ್ ಒಂದೇ ಸಾಲಲ್ಲಿ ಬೀಳುತ್ತವೆ. ಅಂದರೆ ಅವಳಿಲ್ಲದೆ ನುಡಿಸುತ್ತಿದ್ದಾರೆ. ಮೈ ಜುಮ್ ಅಂತು, ಆಗಲೇ ಮಿಸ್ ಆಯಿತು. ಆ ಒಂದೇ ಸಾಲಿನ ಪಟಪಟ ನೋಟ್ಸ್ ಹೇಗೆ ಹೊಡೆಯುವುದು? ಒಂದು ಬೆರಳು ಸಾಲುತ್ತಿಲ್ಲ.

ಬೀಟ್‌ಬಡಿಗ

ಒಂದೇ ಸಾಲಾದರೂ ಎರಡು ಬೆರಳು ಬಳಸಿ, ಎಡ-ಬಲ ಎಡ-ಬಲ. ಬೀಟಿನ ಮೇಲೆ ಬೀಳುವುದು ಯಾವಾಗಲೂ ಬಲಗೈಗೆ, ನಡುವಿನದು ಎಡಗೈಗೆ. ಡ್ರಮ್ ಇಲ್ಲದ ಕಡೆ ಗಿಟಾರ್ ಕೇಳಿಕೊಂಡು ಓಡಬೇಡಿ, ತಕಧಿಮಿ ನಿಲ್ಲಿಸದೆ ಹೇಳುತ್ತಾ ಇರಿ. ಡ್ರಮ್ ವಾಪಸ್ ಬಂದಾಗ ಬಾಯಿ ಅದರ ಜೊತೆ ಕೂಡಿದರೆ ಪಾಸ್ ಆಗುತ್ತೀರಿ. ಆಮೇಲೆ ಬಂದು ಹೇಳಿ, ವಾಪಸ್ ಬಂದದ್ದು ಅವಳೇನಾ?