ಬೆಂಕಿ ಬಿದ್ದಾಗ ಬ್ಯಾಟರಿ ಇರುವ ಲಿಫ್ಟನ್ನು ನಂಬಬಹುದೇ?

ಪ್ರಶ್ನೆ: ವಿದ್ಯಾನಗರ ನಿವಾಸಿ, ಹಾಸನ

ನಾವಿರುವ ಅಪಾರ್ಟ್‌ಮೆಂಟ್‌ನಲ್ಲಿ ನೆಲಮಟ್ಟದ ಪಾರ್ಕಿಂಗ್ ಮೇಲೆ ನಾಲ್ಕು ಅಂತಸ್ತುಗಳಿದ್ದು, ಇರುವುದು ಒಂದೇ ಲಿಫ್ಟ್ ಮತ್ತು ಅದರ ಪಕ್ಕದಲ್ಲೇ ಒಂದೇ ಮೆಟ್ಟಿಲು. ಕರೆಂಟ್ ಹೋದಾಗಲೆಲ್ಲ ಜನ ಒಳಗೆ ಸಿಕ್ಕಿಕೊಳ್ಳುತ್ತಿದ್ದುದರಿಂದ ಈಚೆಗೆ ಲಿಫ್ಟಿಗೆ ಎಆರ್‌ಡಿ ಎಂಬ ಬ್ಯಾಟರಿ ಸಾಧನ ಹಾಕಿಸಿದ್ದಾರೆ. ಇನ್ನು ಬೆಂಕಿ ಬಿದ್ದರೂ ಲಿಫ್ಟ್ ನಡುವೆ ನಿಲ್ಲುವುದಿಲ್ಲ, ವಯಸ್ಸಾದವರು ಅದರಲ್ಲೇ ಇಳಿಯಬಹುದು ಎಂಬ ಮಾತು ನಿವಾಸಿಗಳ ಸಂಘದಲ್ಲಿ ಕೇಳಿಬರುತ್ತಿದೆ. ನಾಲ್ಕನೆಯ ಅಂತಸ್ತಿನಲ್ಲಿ ನನ್ನೊಡನಿರುವ ತಾಯಿಯವರಿಗೆ ಮಂಡಿನೋವಿನಿಂದಾಗಿ ಮೆಟ್ಟಿಲಿಳಿಯಲು ಆಗುವುದಿಲ್ಲ. ಸಂಘದವರ ಮಾತು ಸರಿಯೇ? ಸರಿಯಲ್ಲದಿದ್ದರೆ ನಾನು ಏನು ಮಾಡಬೇಕು? ತಿಳಿದವರು ದಯವಿಟ್ಟು ಹೇಳಬೇಕು.

ಉತ್ತರ: ಲಿಫ್ಟ್ ನಿರ್ವಹಣೆಯ ತಂತ್ರಜ್ಞ, ಹಾಸನ

ಸರಿಯಲ್ಲ. ಎಆರ್‌ಡಿ ಎಂಬುದು ಕರೆಂಟ್ ಹೋದಾಗ ಬ್ಯಾಟರಿಯ ಬಲದಿಂದ ಲಿಫ್ಟನ್ನು ಹತ್ತಿರದ ಅಂತಸ್ತಿಗೆ ನಿಧಾನವಾಗಿ ತಂದು ಬಾಗಿಲು ತೆರೆದುಕೊಡುವ ಸಾಧನ, ಅಷ್ಟೇ. ಹತ್ತಿರದ ಆ ಅಂತಸ್ತಿನಲ್ಲೇ ಬೆಂಕಿ ಇದ್ದರೆ ಅಲ್ಲಿಯೇ ಬಾಗಿಲು ತೆರೆಯುತ್ತದೆ. ಹೊಗೆಯನ್ನು ಗುರುತಿಸುವ ಶಕ್ತಿ ಅದಕ್ಕಿಲ್ಲ. ಜೊತೆಗೆ, ಬಾಗಿಲಿಗೆ ಯಾರಾದರೂ ಅಡ್ಡ ಬಂದರೆ ಬೆಳಕಿನ ಕಿರಣದ ಮೂಲಕ ತಿಳಿಯುವ ಸೆನ್ಸರ್ ದಟ್ಟ ಹೊಗೆಯನ್ನೂ ಅಡ್ಡವೆಂದೇ ಭಾವಿಸಬಹುದು. ಆಗ ಬಾಗಿಲು ಮುಚ್ಚುವುದಿಲ್ಲ, ಲಿಫ್ಟ್ ಅಲ್ಲಿಂದ ಕದಲುವುದಿಲ್ಲ.

ಸಂಘದವರು ಇದನ್ನು ಅಗ್ನಿಶಾಮಕ ಲಿಫ್ಟ್ ಎಂದು ತಿಳಿದಂತಿದೆ. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯು 15 ಮೀಟರ್ ಅಥವಾ ಅದಕ್ಕಿಂತ ಎತ್ತರದ ಕಟ್ಟಡಗಳಿಗೆ ಹೇಳುವ ಆ ಲಿಫ್ಟಿಗೆ ಬದಲಿ ವಿದ್ಯುತ್ ವ್ಯವಸ್ಥೆ, ಕನಿಷ್ಠ 8 ಜನರನ್ನು, ಅಂದರೆ 545 ಕಿಲೋ ಭಾರವನ್ನು ಹೊರುವ ಸಾಮರ್ಥ್ಯ, ಮತ್ತು ನೆಲ ಅಂತಸ್ತಿನಲ್ಲಿ ಗಾಜಿನ ಪೆಟ್ಟಿಗೆಯೊಳಗಿನ ಫೈರ್‌ಮನ್ ಸ್ವಿಚ್ ಇರಬೇಕು. ಸ್ವಿಚ್ ಒತ್ತಿದೊಡನೆ ಲಿಫ್ಟ್ ಯಾವ ಕರೆಗೂ ಓಗೊಡದೆ ಕೆಳಗಿಳಿದು ಅಗ್ನಿಶಾಮಕ ಸಿಬ್ಬಂದಿಯ ವಶಕ್ಕೆ ಬರುತ್ತದೆ. ಅದು ಕೂಡ ಅವರು ಮೇಲೆ ಹೋಗಲು ಇರುವುದೇ ಹೊರತು ನಿವಾಸಿಗಳು ತಾವಾಗಿ ಹತ್ತಿ ಇಳಿಯಲು ಅಲ್ಲ.

ಉತ್ತರ: ಅಗ್ನಿಶಾಮಕ ದಳದ ನಿವೃತ್ತ ಸಿಬ್ಬಂದಿ, ಚಿಕ್ಕಮಗಳೂರು

ಮೇಲಿನವರು ಲಿಫ್ಟಿನ ಬಗ್ಗೆ ಹೇಳಿದ್ದು ಸರಿಯಾಗಿದೆ. ಅದು ಚಲಿಸುವ ಶಾಫ್ಟ್ ಕುರಿತೂ ಯೋಚಿಸಬೇಕು. ಬಿಸಿ ಹೊಗೆ ಹಗುರವಾದ್ದರಿಂದ ಕೆಳಗಿನಿಂದ ಮೇಲಿನವರೆಗೆ ತೆರೆದಿರುವ ಶಾಫ್ಟ್ ಅಡುಗೆಮನೆಯ ಚಿಮಣಿಯಂತೆ ಅದನ್ನು ಎಳೆದುಕೊಳ್ಳುತ್ತದೆ. ಅಂತಸ್ತುಗಳ ಬಾಗಿಲ ಸಂದುಗಳಿಂದ ಅದು ಹೊರಗೆ ಸೋರುತ್ತದೆ. 1980ರಲ್ಲಿ ಅಮೆರಿಕದ ಲಾಸ್ ವೇಗಸ್‌ನ ಎಂಜಿಎಂ ಗ್ರ್ಯಾಂಡ್ ಹೋಟೆಲಿನಲ್ಲಿ ಬೆಂಕಿ ಹತ್ತಿದ್ದು ನೆಲ ಅಂತಸ್ತಿನಲ್ಲಿ, ಆದರೆ ಸತ್ತ 85 ಮಂದಿಯಲ್ಲಿ ಹೆಚ್ಚಿನವರು ಮೇಲಿನ ಅಂತಸ್ತುಗಳಲ್ಲಿದ್ದವರು. ಲಿಫ್ಟ್ ಶಾಫ್ಟ್ ಮತ್ತು ಮೆಟ್ಟಿಲುಗಳ ಮೂಲಕ ಏರಿದ ಹೊಗೆಯೇ ಅವರ ಜೀವ ತೆಗೆಯಿತು. 2010ರ ಫೆಬ್ರುವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ 9 ಜನರನ್ನು ಕಳೆದುಕೊಂಡಾಗಲೂ ಮೇಲಿನ ಅಂತಸ್ತುಗಳನ್ನು ತುಂಬಿದ್ದು ಹೊಗೆಯೇ.

ನಿಮ್ಮ ಮೆಟ್ಟಿಲು ಪಾರ್ಕಿಂಗ್‌ನಿಂದಲೇ ಶುರುವಾಗುವುದಾದರೆ, ಅಲ್ಲಿ ವಿದ್ಯುತ್ ಸ್ಕೂಟರ್‌ಗಳನ್ನು ಎಲ್ಲಿ ಚಾರ್ಜ್ ಮಾಡುತ್ತಾರೆ ಎಂಬುದನ್ನು ಇಂದೇ ನೋಡಿ. ಲಿಫ್ಟಿನ ಬಾಗಿಲ ಪಕ್ಕದಲ್ಲಿ, ಮೆಟ್ಟಿಲ ಕೆಳಗೆ ಚಾರ್ಜಿಂಗ್ ಪ್ಲಗ್ ಕೊಡಿಸಿರುವುದನ್ನು ನಾನು ನಮ್ಮ ಊರಿನಲ್ಲಿಯೂ ಕಂಡಿದ್ದೇನೆ. ಅಲ್ಲಿ ಒಂದು ಬ್ಯಾಟರಿ ಹೊತ್ತಿಕೊಂಡರೆ ಲಿಫ್ಟ್ ಮತ್ತು ಮೆಟ್ಟಿಲು ಎರಡೂ ಒಟ್ಟಿಗೇ ಕೈತಪ್ಪುತ್ತವೆ. ನಿಮ್ಮ ತಾಯಿಯವರ ವಿಷಯದಲ್ಲಿ ನನ್ನನ್ನು ಹೆಚ್ಚು ಚಿಂತೆಗೀಡುಮಾಡುವುದು ಇದೇ.

ಉತ್ತರ: ಸಾಲಗಾಮೆ ರಸ್ತೆ ನಿವಾಸಿ, ಹಾಸನ

ಲಿಫ್ಟ್ ಎಂದೂ ಬೇಡ ಎನ್ನುವುದನ್ನು ನಾನು ಪೂರ್ತಿ ಒಪ್ಪುವುದಿಲ್ಲ. 2001ರಲ್ಲಿ ನ್ಯೂಯಾರ್ಕಿನ ವಿಶ್ವ ವಾಣಿಜ್ಯ ಕೇಂದ್ರದ ದಕ್ಷಿಣ ಗೋಪುರದಿಂದ ಬಹಳ ಜನ ಲಿಫ್ಟಿನಲ್ಲೇ ಇಳಿದು ಉಳಿದುಕೊಂಡರು. ನಡೆಯಲಾಗದವರಿಗೆ ಬೇರೆ ದಾರಿ ಎಲ್ಲಿದೆ?

ಉತ್ತರ: ಅಗ್ನಿಶಾಮಕ ದಳದ ನಿವೃತ್ತ ಸಿಬ್ಬಂದಿ, ಚಿಕ್ಕಮಗಳೂರು

ಅವರು ಲಿಫ್ಟಿನಲ್ಲಿ ಇಳಿದದ್ದು ಪಕ್ಕದ ಗೋಪುರಕ್ಕೆ ಮೊದಲ ವಿಮಾನ ಬಡಿದ ಮೇಲೆ, ತಮ್ಮ ಗೋಪುರಕ್ಕೆ ಎರಡನೆಯದು ಬಡಿಯುವ ಮುನ್ನ ಸಿಕ್ಕ ಸುಮಾರು 16 ನಿಮಿಷಗಳಲ್ಲಿ. ಆಗ ಅವರ ಕಟ್ಟಡಕ್ಕೆ ಬೆಂಕಿ ತಗುಲಿರಲಿಲ್ಲ. ಆದ್ದರಿಂದ ಆ ಉದಾಹರಣೆ ಇಲ್ಲಿಗೆ ಹೊಂದುವುದಿಲ್ಲ. ನಡೆಯಲಾಗದವರ ಕುರಿತ ನಿಮ್ಮ ಪ್ರಶ್ನೆ ಮಾತ್ರ ನ್ಯಾಯವಾದದ್ದು.

ಮೆಟ್ಟಿಲಿನಲ್ಲಿ ಹೊಗೆ ಇಲ್ಲದಿದ್ದರೆ, ತಾಯಿಯವರನ್ನು ಗಟ್ಟಿಯಾದ ಕುರ್ಚಿಯಲ್ಲಿ ಕೂರಿಸಿ, ಒಬ್ಬರು ಬೆನ್ನಿನ ಕಡೆ, ಒಬ್ಬರು ಕಾಲಿನ ಕಡೆ ಹಿಡಿದು ಇಳಿಸಬಹುದು. ಪಕ್ಕದ ಮನೆಯವರ ಜೊತೆ ಖಾಲಿ ಕುರ್ಚಿಯಲ್ಲಿ ಮೊದಲು ಅಭ್ಯಾಸ ಮಾಡಿದರೆ ತಿರುವುಗಳಲ್ಲಿ ಎಲ್ಲಿ ತಡೆಯಾಗುತ್ತದೆ ಎಂಬುದು ಗೊತ್ತಾಗುತ್ತದೆ. ಚಪ್ಪಲಿ ಸ್ಟ್ಯಾಂಡು, ಹೂಕುಂಡಗಳು ಅಲ್ಲಿದ್ದರೆ ತೆಗೆಸಿ. ಮೆಟ್ಟಿಲು ಹೊಗೆಯಿಂದ ತುಂಬಿದ್ದರೆ, ಬೆಂಕಿ ನಿಮ್ಮ ಮನೆಯೊಳಗೆ ಇಲ್ಲದ ಪಕ್ಷದಲ್ಲಿ, ಹೊರಗೆ ಕಾಲಿಡಬೇಡಿ. ಮುಂಬಾಗಿಲು ಮುಚ್ಚಿ, ಕೆಳಗಿನ ಸಂದಿಗೆ ಒದ್ದೆ ಬಟ್ಟೆ ತುರುಕಿ, ಲಿಫ್ಟ್ ಮತ್ತು ಮೆಟ್ಟಿಲಿನಿಂದ ದೂರವಿರುವ, ರಸ್ತೆಗೆ ಕಿಟಕಿಯಿರುವ ಕೋಣೆಗೆ ತಾಯಿಯವರನ್ನು ಕರೆದೊಯ್ದು ಆ ಕೋಣೆಯ ಬಾಗಿಲನ್ನೂ ಮುಚ್ಚಿ. 101 ಅಥವಾ 112ಕ್ಕೆ ಕರೆ ಮಾಡಿ ಅಂತಸ್ತು, ಮನೆಯ ಸಂಖ್ಯೆ ಮತ್ತು ನಡೆಯಲಾಗದವರು ಒಳಗಿದ್ದಾರೆ ಎಂಬುದನ್ನು ಮೊದಲ ಮಾತಿನಲ್ಲೇ ತಿಳಿಸಿ.

ವಿದ್ಯಾನಗರ ನಿವಾಸಿ, ಹಾಸನ

ತಮ್ಮೆಲ್ಲರಿಗೂ ವಂದನೆಗಳು. ಹೋಗಿ ನೋಡಿದೆ: ಎರಡು ಚಾರ್ಜಿಂಗ್ ಪ್ಲಗ್‌ಗಳು ಮೆಟ್ಟಿಲ ಕೆಳಗೇ ಇವೆ. ಅವನ್ನು ಕಾಂಪೌಂಡಿನ ಹೊರಗೋಡೆಗೆ ಸಾಗಿಸಬೇಕೆಂದು ಸಂಘದ ಕಾರ್ಯದರ್ಶಿಯವರಿಗೆ ಬರೆದುಕೊಟ್ಟಿದ್ದೇನೆ. ‘ಬೆಂಕಿ ಬಿದ್ದಾಗ ಲಿಫ್ಟ್ ಬಳಸಬೇಡಿ’ ಎಂಬ ಫಲಕವನ್ನು ಪ್ರತಿ ಅಂತಸ್ತಿನಲ್ಲಿ ಹಾಕಿಸಲು ಅವರು ಒಪ್ಪಿದ್ದಾರೆ.