ಸಮಸ್ಯೆ: ‘ಮನೆಯಲ್ಲಿ ನಿಂತವನು ನಮ್ಮನೇಲಿಲ್ಲ’

ಸಮಸ್ಯೆ ಕೊಟ್ಟವರು, ಮೈಸೂರು:
ಇದೇ ನಾಲ್ಕನೇ ಸಾಲಾಗಬೇಕು, ಮೊದಲ ಮೂರು ಸಾಲು ನೀವು ಕಟ್ಟಿ ಪದ್ಯ ಪೂರೈಸಿ. ಪ್ರತಿ ಸಾಲಿಗೆ ಐದು ಮಾತ್ರೆಯ ಮೂರು ಗಣ (ಗುಂಪು), ಕೊನೆಗೆ ಮೂರು ಮಾತ್ರೆ. ಗಿಡ್ಡ ಅಕ್ಷರ ಲಘು, ಅದಕ್ಕೆ ಒಂದು ಮಾತ್ರೆ; ದೀರ್ಘವೋ ಒತ್ತಕ್ಷರದ ಹಿಂದಿನದೋ ಆದರೆ ಗುರು, ಅದಕ್ಕೆ ಎರಡು. ಆದಿಪ್ರಾಸ, ಅಂದರೆ ಪ್ರತಿ ಸಾಲಿನ ಎರಡನೇ ಅಕ್ಷರ, ‘ನ’; ಅದರ ಹಿಂದೆ ಲಘು. ಸ್ವರಗಳು ಪಕ್ಕಪಕ್ಕ ಬಂದಾಗ ನಮ್ಮ ಬಾಯಿ ಏನು ಮಾಡುತ್ತದೆ ಅನ್ನೋದೇ ಸುಳಿವು.

ಮಂಡ್ಯದಿಂದ:

ಬನಿಯುಳ್ಳ ಕಬ್ಬರೆದು ಪಾಕವನು ಕಾಸಿ
ಮನದನ್ನ ಬೆಲ್ಲಕ್ಕೆ ಮನಸೋತು ಬಿಟ್ಟ
ಇನಿಯನನು ಕೇಳದಿರಿ ಬೆಳಗಿನಿಂದಾಲೆ-
ಮನೆಯಲ್ಲಿ ನಿಂತವನು ನಮ್ಮನೇಲಿಲ್ಲ

ಕೊನೆಯ ಎರಡು ಸಾಲನ್ನು ಒಂದೇ ಉಸಿರಿಗೆ ಓದಿ, ಆಲೆಮನೆ ಸಿಗುತ್ತದೆ. ‘ಬೆಳಗಿನಿಂದ’ದ ಕೊನೆಯ ಅ ಬಿದ್ದು ‘ಆಲೆ’ ಕೂಡಿದೆ. ಲೋಪಸಂಧಿ. ನಮ್ಮ ಕಡೆ ‘ಬಂದವ್ನೆ’ ಅನ್ನೋದೂ ಹೀಗೇ ಅಲ್ವಾ? ಬಂದು, ಅವ್ನೆ. ಉಕಾರ ಹೋಯಿತು.

ಮೈಸೂರಿನಿಂದ ಇನ್ನೊಬ್ಬರು:

ಜನರಾಡು ಮಾತಿನಲಿ ಬಿಡುವಿಲ್ಲ ನೋಡು
ದನಿಯೆರಡು ಬೆರೆತೊಂದು ನೀಳವಾದಾಗ
ತನಗೆ ತಾವಿಲ್ಲೆಂದು ಯಣ್ಣ ಹೊರಬಿದ್ದ
ಮನೆಯಲ್ಲಿ ನಿಂತವನು ನಮ್ಮನೇಲಿಲ್ಲ

‘ಯಣ್ಣ’ ಅಂದರೆ ಯಕಾರ. ಮನೆ, ಅಲ್ಲಿ. ಎ ಮತ್ತು ಅ ಎದುರಾದವು. ಬರವಣಿಗೆಯಲ್ಲಿ ನಡುವೆ ‘ಯ’ ಬಂದು ನಿಲ್ಲುತ್ತದೆ, ಯಕಾರಾಗಮ. ಮಾತಿನಲ್ಲಿ ಆ ‘ಯ’ ಜಾರುತ್ತದೆ, ಎರಡು ಸ್ವರ ಕೂಡಿ ಏ ಆಗುತ್ತದೆ, ‘ಲ್ಲಿ’ಯೂ ‘ಲಿ’ ಆಗುತ್ತದೆ. ‘ಮನೆಯಲ್ಲಿ’ ಪದದಲ್ಲಿ ನಿಂತ ‘ಯ’ ‘ನಮ್ಮನೇಲಿ’ ಪದದಲ್ಲಿ ಇಲ್ಲ. ದಾರೀಲಿ, ಚಳೀಲಿ ಎಲ್ಲವೂ ಹೀಗೇ. ‘ಮನೆಯಲ್ಲಿ’ಗೆ ಐದು ಮಾತ್ರೆ, ‘ಮನೇಲಿ’ಗೆ ನಾಲ್ಕೇ. ಆಡುಮಾತನ್ನು ಪದ್ಯಕ್ಕೆ ತರುವವರು ಈ ಒಂದು ಮಾತ್ರೆಯನ್ನು ಮರೆತರೆ ಗಣ ಕುಂಟುತ್ತದೆ.

ಸಮಸ್ಯೆ ಕೊಟ್ಟವರು:
ನಾನು ಕಾಯುತ್ತಿದ್ದ ಪರಿಹಾರ ಯಣ್ಣನದು. ಆದರೆ ಆಲೆಮನೆಯ ಪದ್ಯವೇ ನನಗೆ ಜಾಸ್ತಿ ಹಿಡಿಸಿತು. ಸಂಧಿಯನ್ನು ವಿವರಿಸದೆ ಸುಮ್ನೆ ಮಾಡಿ ತೋರಿಸಿದೆ.

ಇನ್ನು ‘ನಮ್ಮ’ ಯಾಕೆ? ‘ಮನೇಲಿ’ ಲಘು-ಗುರುವಿನಿಂದ ಶುರುವಾಗುತ್ತದೆ. ಮಾತ್ರಾಗಣದ ತಲೆಯಲ್ಲಿ ಅದು ಸಲ್ಲದು. ‘ನಮ್ಮನೇ’ ಎಂದರೆ ಐದು ಮಾತ್ರೆ ಸರಿಯಾಗಿ ಕೂರುತ್ತದೆ. ‘ನಮ್ಮ ಮನೆ’ ‘ನಮ್ಮನೆ’ ಆಗುವುದು ಮಾತ್ರ ಸ್ವರಸಂಧಿ ಅಲ್ಲ, ಅಲ್ಲಿ ಒಂದು ‘ಮ’ವೇ ಪೂರ್ತಿ ಬಿದ್ದಿದೆ. ಎರಡನ್ನೂ ಬೆರೆಸಬೇಡಿ.

ಮಂಡ್ಯದಿಂದ:
ಹಾಗಾದರೆ ‘ಅಯ್ಯೋ ಇದೇನು’ ಯಾಕೆ ಕೂಡುವುದಿಲ್ಲ?

ಸಮಸ್ಯೆ ಕೊಟ್ಟವರು:
ಅದು ಪ್ರಕೃತಿಭಾವ. ಉದ್ಗಾರದ ಮುಂದೆ ಸ್ವರ ಬಂದರೂ ಸಂಧಿಯಿಲ್ಲ. ಅಯ್ಯೋ ಅಂದ ಮೇಲೆ ಒಂದು ಚಣ ನಿಲ್ಲುತ್ತೇವೆ. ಆ ನಿಲುಗಡೆಯಲ್ಲಿ ಸ್ವರಗಳು ಮುಟ್ಟುವುದೇ ಇಲ್ಲ.

ಮುಂದಿನ ವಾರ ವಕಾರಾಗಮ. ಆದಿಪ್ರಾಸ ‘ಗ’, ಅಳತೆ ಇದೇ:
ಮಗುವನ್ನು ಹಿಡಿದವನು ನಮ್ಮಗೂನೊಲ್ಲ